ಸೋತವರ ಕೈಗೆ ಸಿಕ್ಕ ಲೇಖನಿ

ಇತಿಹಾಸ ಬರೆಯುವವರು ಗೆದ್ದವರು ಎಂಬ ಮಾತನ್ನು ಒಪ್ಪದವರು ಸಿಗುವುದು ಕಷ್ಟ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅದು ಬರುತ್ತದೆ, ಟಿ.ವಿ. ಚರ್ಚೆಯಲ್ಲಿ ಬರುತ್ತದೆ. ಹಿಟ್ಲರ್ ಗೆದ್ದಿದ್ದರೆ ಪುಸ್ತಕಗಳೇ ಬೇರೆ ಇರುತ್ತಿದ್ದವು ಎಂದು ತಲೆಯಾಡಿಸುವವರ ಬಾಯಲ್ಲಂತೂ ಬಂದೇ ಬರುತ್ತದೆ. ಹೇಳಿದವರು ತಾವು ಯಾರ ಮೋಸಕ್ಕೂ ಬೀಳುವವರಲ್ಲ ಎಂಬ ಗತ್ತಿನಲ್ಲಿ ಕುರ್ಚಿಗೆ ಒರಗಿಕೊಳ್ಳುತ್ತಾರೆ. ಆದರೆ ಎರಡು ಮಹಾಯುದ್ಧಗಳ ಮೇಲೆ ಬಂದ ಪುಸ್ತಕಗಳನ್ನು ಬಿಚ್ಚಿ, ಬರೆದವರು ಯಾರು, ಬರೆಸಿದವರು ಯಾರು, ಮುನ್ನುಡಿ ಕೊಟ್ಟವರು ಯಾರು ಎಂದು ನೋಡುತ್ತಾ ಹೋದರೆ ಆ ಗತ್ತು ನಿಲ್ಲುವುದಿಲ್ಲ. ಎರಡನೇ ಮಹಾಯುದ್ಧದ ಅತಿ ದೊಡ್ಡ ರಣರಂಗವಾದ ರಷ್ಯಾದ ಕಥೆಯನ್ನು ಪಶ್ಚಿಮದ ಓದುಗರಿಗೆ, ಅವರ ಮೂಲಕ ನಮಗೆ, ಹೇಳಿಕೊಟ್ಟವರು ಅಲ್ಲಿ ಸೋತವರು. ಅದೂ ಗೆದ್ದವರ ಅನ್ನ ತಿಂದುಕೊಂಡು.

ಗೆದ್ದವರೇ ಇತಿಹಾಸ ಬರೆಯುತ್ತಾರೆ ಎಂಬ ಮಾತು ಕನ್ನಡಿಗರ ಮನಸ್ಸಿಗೆ ಬೇಗ ನಾಟುವುದಕ್ಕೆ ಕಾರಣ ಇಲ್ಲದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ಕಥೆಯನ್ನು ಇಂಗ್ಲಿಷಿನಲ್ಲಿ ಮೂರು ಸಂಪುಟಗಳಷ್ಟು ಬರೆದವನು ಮಾರ್ಕ್ ವಿಲ್ಕ್ಸ್. ಅವನು ಮೈಸೂರಿನಲ್ಲೇ ಕಂಪನಿಯ ರೆಸಿಡೆಂಟ್ ಆಗಿದ್ದವನು. ಗೆದ್ದವನು ಬರೆದ ಚರಿತ್ರೆಗೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಆದರೆ ಶ್ರೀರಂಗಪಟ್ಟಣಕ್ಕೆ ಒಪ್ಪಿದ್ದು ಬರ್ಲಿನ್‌ಗೂ ಒಪ್ಪಲೇಬೇಕು ಎಂಬ ಕಟ್ಟಳೆ ಇಲ್ಲ. ಟಿಪ್ಪು ಕೋಟೆಯೊಳಗೇ ಹೋರಾಡಿ ಸತ್ತ. ಹಿಟ್ಲರನ ದಂಡನಾಯಕರಲ್ಲಿ ಬಹಳ ಮಂದಿ ಸಾಯಲಿಲ್ಲ. ಸೆರೆಯಲ್ಲಿ ಕೂತಿದ್ದರು, ಗೆದ್ದವರೇ ಬಂದು ಅವರ ಮುಂದೆ ಕಾಗದ ಇಟ್ಟರು.

ಕಾಗದ ಇಟ್ಟದ್ದು ಅಮೆರಿಕದ ಸೇನೆಯ ಇತಿಹಾಸ ವಿಭಾಗ. ಜರ್ಮನ್ ಸೇನಾಧಿಕಾರಿಗಳನ್ನು ಒಂದೆಡೆ ಕೂಡಿಸಿ ಅವರಿಂದ ಯುದ್ಧದ ವೃತ್ತಾಂತ ಬರೆಸುವ ಕೆಲಸವನ್ನು ಅದು ಯುದ್ಧ ಮುಗಿದ ಹೊಸದರಲ್ಲೇ ಶುರುಮಾಡಿತು. 700ಕ್ಕೂ ಹೆಚ್ಚು ಅಧಿಕಾರಿಗಳು ಬರೆದರು; ಹಸ್ತಪ್ರತಿಗಳ ಸಂಖ್ಯೆ 2,000 ದಾಟಿತು. ಈ ಕಾರ್ಖಾನೆಯ ಮೇಸ್ತ್ರಿ ಫ್ರಾಂಜ್ ಹಾಲ್ಡರ್. 1938ರಿಂದ 1942ರ ಸೆಪ್ಟೆಂಬರ್‌ವರೆಗೆ ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್‌ಗೆ ಮುಖ್ಯಸ್ಥನಾಗಿದ್ದವನು. ಪೋಲೆಂಡ್, ಫ್ರಾನ್ಸ್, ರಷ್ಯಾ ದಂಡಯಾತ್ರೆಗಳ ಯೋಜನೆ ಹಾದುಹೋದದ್ದು ಅವನ ಮೇಜಿನ ಮೇಲೆ. ಹಿಟ್ಲರನ ಜತೆ ಕಿತ್ತಾಟವಾಗಿ ಕೆಲಸ ಹೋಯಿತು. ಹಿಟ್ಲರನ ಮೇಲೆ 1944ರ ಜುಲೈನಲ್ಲಿ ನಡೆದ ಹತ್ಯಾಯತ್ನದ ನಂತರ ಬಂಧನವಾಗಿ ಕಾನ್ಸಂಟ್ರೇಷನ್ ಕ್ಯಾಂಪಿನಲ್ಲೂ ಇದ್ದು ಬಂದ. ಆ ಕೊನೆಯ ಕೆಲವು ತಿಂಗಳುಗಳು ಅವನ ಪಾಲಿಗೆ ಒಳ್ಳೆಯ ನಡತೆಯ ಸರ್ಟಿಫಿಕೇಟ್ ಆದವು.

ಯಾರು ಏನು ಬರೆಯಬೇಕು ಎಂದು ಹಂಚುವವನು ಹಾಲ್ಡರ್, ಬರೆದದ್ದನ್ನು ತಿದ್ದುವವನೂ ಅವನೇ. ಹೀಗೆ ತಯಾರಾಗಿ ಬಂದ ಚಿತ್ರ ಇಂದಿಗೂ ಚಾಲ್ತಿಯಲ್ಲಿದೆ: ಜರ್ಮನ್ ಸೇನೆ ವೆರ್ಮಾಖ್ಟ್ ತನ್ನ ಕಸುಬಿನಲ್ಲಿ ನಿಪುಣ, ಕೈ ಶುದ್ಧ. ಕೊಲೆಗಡುಕತನವೆಲ್ಲ ಹಿಟ್ಲರನ ಪಕ್ಷದ ಎಸ್‌ಎಸ್‌ ಪಡೆಯದು. ಸೋತದ್ದಕ್ಕೆ ಕಾರಣ ಮೂರು: ಹಿಟ್ಲರ್ ಮೂಗು ತೂರಿಸಿದ್ದು, ರಷ್ಯಾದ ಚಳಿ, ಕೊಂದಷ್ಟೂ ಮುಗಿಯದ ರಷ್ಯನ್ ಸಿಪಾಯಿಗಳು. 1949ರಲ್ಲಿ ಹಾಲ್ಡರ್ ತಾನೇ ಒಂದು ಕಿರುಹೊತ್ತಗೆ ಬರೆದು, ಹಿಟ್ಲರ್ ದಂಡನಾಯಕನಾಗಿ ಎಷ್ಟು ನಿಷ್ಪ್ರಯೋಜಕ ಎಂದು ಲೋಕಕ್ಕೆ ತಿಳಿಸಿದ. 1961ರಲ್ಲಿ ಅಮೆರಿಕ ಅವನ ಸೇವೆ ಮೆಚ್ಚಿ ಪದಕ ಕೊಟ್ಟಿತು. ಸೋತ ಸೇನೆಯ ಮುಖ್ಯಸ್ಥನಿಗೆ ಗೆದ್ದ ಸರ್ಕಾರ ಇತಿಹಾಸ ಬರೆಸಿದ್ದಕ್ಕಾಗಿ ಕೊಟ್ಟ ಪದಕ ಅದು. ‘ಗೆದ್ದವರ ಇತಿಹಾಸ’ ಎಂದು ಹೇಳುವವರು ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೋ ನೋಡಬೇಕು.

ಹಾಲ್ಡರನ ದುರದೃಷ್ಟಕ್ಕೆ ಅವನಿಗೆ ಡೈರಿ ಬರೆಯುವ ಚಟವಿತ್ತು. ರಷ್ಯಾದ ಮೇಲೆ ದಾಳಿ ಶುರುವಾದದ್ದು 1941ರ ಜೂನ್ 22ಕ್ಕೆ. ಜುಲೈ 3ರ ಡೈರಿಯಲ್ಲಿ ಅವನು, ಈ ದಂಡಯಾತ್ರೆಯನ್ನು ಎರಡು ವಾರದೊಳಗೆ ಗೆದ್ದಾಯಿತು ಎಂದರೆ ಅತಿಶಯೋಕ್ತಿಯಲ್ಲ ಎಂಬ ಅರ್ಥದಲ್ಲಿ ಬರೆದಿಟ್ಟ. ಆಗಸ್ಟ್ 11ಕ್ಕೆ ಧಾಟಿ ಬದಲಾಯಿತು: ಶತ್ರುವಿನ ಬಳಿ 200 ಡಿವಿಜನ್ ಇರಬಹುದೆಂದು ಎಣಿಸಿದ್ದೆವು, ಈಗಾಗಲೇ 360 ಲೆಕ್ಕಕ್ಕೆ ಸಿಕ್ಕಿವೆ. ಆಗಿನ್ನೂ ಹಿಮ ಬಿದ್ದಿರಲಿಲ್ಲ, ಕೆಸರೂ ಆಗಿರಲಿಲ್ಲ. ಲೆಕ್ಕ ತಪ್ಪಿದ್ದು ಹಾಲ್ಡರನ ಸ್ವಂತ ಕಚೇರಿಯದು. ಅದೇ ಡೈರಿಯಲ್ಲಿ ಮಾರ್ಚ್ 30ರ ಪುಟವೂ ಇದೆ. ಅಂದು ಹಿಟ್ಲರ್ ಹಿರಿಯ ಅಧಿಕಾರಿಗಳ ಸಭೆ ಕರೆದು, ಇದು ಸರ್ವನಾಶದ ಯುದ್ಧ, ರಷ್ಯನ್ ಸೇನೆಯ ರಾಜಕೀಯ ಅಧಿಕಾರಿಗಳಾದ ಕಮಿಸಾರರನ್ನು ಮುಗಿಸಬೇಕು ಎಂದು ಗಂಟೆಗಟ್ಟಲೆ ಮಾತಾಡಿದ. ಹಾಲ್ಡರ್ ಶ್ರದ್ಧೆಯ ವಿದ್ಯಾರ್ಥಿಯಂತೆ ಟಿಪ್ಪಣಿ ಮಾಡಿಕೊಂಡ. ಆಮೇಲೆ ಮೇ 13ರ ಆದೇಶ ಹೊರಟಿತು: ನಾಗರಿಕರ ಮೇಲೆ ಸೈನಿಕರು ನಡೆಸುವ ಅಪರಾಧಕ್ಕೆ ವಿಚಾರಣೆ ಕಡ್ಡಾಯವಲ್ಲ. ಜೂನ್ 6ರದು ಇನ್ನೊಂದು: ಸೆರೆಸಿಕ್ಕ ಕಮಿಸಾರರನ್ನು ಗುಂಡಿಟ್ಟು ಕೊಲ್ಲತಕ್ಕದ್ದು. ಎರಡನ್ನೂ ರೂಪಿಸಿದ್ದರಲ್ಲಿ ಭೂಸೇನೆಯ ಕಚೇರಿಯ ಕೈ ಇತ್ತು. ಎಸ್‌ಎಸ್‌ನವರು ಬಂದು ಟೈಪು ಮಾಡಿಕೊಟ್ಟು ಹೋದದ್ದಲ್ಲ.

ಕೈ ಶುದ್ಧವಿತ್ತೇ ಎಂದು ನೋಡಲು ಯುದ್ಧಕೈದಿಗಳ ಲೆಕ್ಕವೊಂದೇ ಸಾಕು. ಜರ್ಮನರ ಕೈಗೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ. ಅವರಲ್ಲಿ ಸತ್ತವರು ಸುಮಾರು 33 ಲಕ್ಷ. ಬಹುಪಾಲು ಹಸಿವಿನಿಂದ, ಚಳಿಯಿಂದ, ಟೈಫಸ್‌ನಿಂದ. ಸುಮಾರು 20 ಲಕ್ಷ ಮಂದಿ 1942ರ ಫೆಬ್ರವರಿ ಬರುವುದರೊಳಗೇ ಸತ್ತಿದ್ದರು. ಈ ಕ್ಯಾಂಪುಗಳನ್ನು ನಡೆಸುತ್ತಿದ್ದದ್ದು ವೆರ್ಮಾಖ್ಟ್. ಅದೇ ವೆರ್ಮಾಖ್ಟ್‌ನ ಸೆರೆಯಲ್ಲಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ಕೈದಿಗಳಲ್ಲಿ ಸತ್ತವರು ನೂರಕ್ಕೆ ನಾಲ್ವರ ಆಸುಪಾಸು. ಕೈದಿಯನ್ನು ಹೇಗೆ ಬದುಕಿಸಿಕೊಳ್ಳಬೇಕೆಂದು ಅವರಿಗೆ ಗೊತ್ತಿತ್ತು. 1941ರ ನವೆಂಬರ್‌ನಲ್ಲಿ ಓರ್ಶಾದಲ್ಲಿ ನಡೆದ ಸಭೆಯಲ್ಲಿ ಭೂಸೇನೆಯ ಸರಬರಾಜು ಮುಖ್ಯಸ್ಥ ಎಡ್ವರ್ಡ್ ವಾಗ್ನರ್, ಕೆಲಸ ಮಾಡಲಾಗದ ಕೈದಿಗಳು ಉಪವಾಸ ಸಾಯಬೇಕಾದದ್ದೇ ಎಂದು ಹೇಳಿದ್ದು ದಾಖಲಾಗಿದೆ. ಮುಂದೆ ಇದೇ ವಾಗ್ನರ್ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸೇರಿ ಆತ್ಮಹತ್ಯೆ ಮಾಡಿಕೊಂಡ. ಜನರಲ್‌ಗಳ ಆತ್ಮಕಥೆಗಳನ್ನು ಓದಿ ಬೆಳೆದವರಿಗೆ ಈ 33 ಲಕ್ಷದ ಸುದ್ದಿ ತಿಳಿದಿರುವುದಿಲ್ಲ. ಕ್ರಿಶ್ಚಿಯನ್ ಸ್ಟ್ರೈಟ್ ಎಂಬ ಜರ್ಮನ್ ಇತಿಹಾಸಕಾರರು ಇದನ್ನು ದಾಖಲೆಗಳಿಂದ ಕಟ್ಟಿ ಪುಸ್ತಕ ಮಾಡಿದ್ದು 1978ರಲ್ಲಿ, ಯುದ್ಧ ಮುಗಿದು 33 ವರ್ಷಕ್ಕೆ.

ಗೆದ್ದವರು ಇದನ್ನೆಲ್ಲ ಯಾಕೆ ನುಂಗಿಕೊಂಡರು? ದಡ್ಡತನದಿಂದಲ್ಲ, ಅಗತ್ಯದಿಂದ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಿತು. ರಷ್ಯನ್ನರ ಎದುರು ನಿಲ್ಲಿಸಲು ಜರ್ಮನ್ ಸಿಪಾಯಿಗಳು ಬೇಕಾಗಿದ್ದರು. ಅದೇ ಅಕ್ಟೋಬರ್‌ನಲ್ಲಿ ಹಿಮ್ಮೆರೋಡ್ ಎಂಬ ಕ್ರೈಸ್ತ ಮಠದಲ್ಲಿ ಹಿಟ್ಲರನ ಕಾಲದ ಒಂದಷ್ಟು ಅಧಿಕಾರಿಗಳು ಸೇರಿ, ಹೊಸ ಸೇನೆ ಕಟ್ಟಬೇಕಾದರೆ ತಮ್ಮ ಶರತ್ತುಗಳೇನು ಎಂದು ಬರೆದರು. ಸೆರೆಯಲ್ಲಿರುವ ಅಧಿಕಾರಿಗಳನ್ನು ಬಿಡಬೇಕು, ಜರ್ಮನ್ ಸೈನಿಕನ ಮಾನಹಾನಿ ನಿಲ್ಲಬೇಕು. ಮೂರು ತಿಂಗಳಲ್ಲಿ, 1951ರ ಜನವರಿಯಲ್ಲಿ, ಅಮೆರಿಕದ ಜನರಲ್ ಐಸೆನ್‌ಹೋವರ್ ಹೇಳಿಕೆ ಕೊಟ್ಟ: ಸಾಮಾನ್ಯ ಜರ್ಮನ್ ಸೈನಿಕ ಬೇರೆ, ಹಿಟ್ಲರ್ ಮತ್ತವನ ಗುಂಪು ಬೇರೆ. ಹಿಮ್ಮೆರೋಡ್‌ನಲ್ಲಿ ಕೂತಿದ್ದ ಅಡಾಲ್ಫ್ ಹಾಯ್ಸಿಂಗರ್, ಅಂದರೆ ಹಾಲ್ಡರನ ಕೈಕೆಳಗೆ ರಷ್ಯಾ ದಾಳಿಯ ಯೋಜನೆ ಮಾಡಿದವನು, ಮುಂದೆ ಪಶ್ಚಿಮ ಜರ್ಮನಿಯ ಹೊಸ ಸೇನೆಯ ಮೊದಲ ಮಹಾನಿರೀಕ್ಷಕನಾದ. ನ್ಯಾಟೋದ ಮಿಲಿಟರಿ ಸಮಿತಿಗೆ ಅಧ್ಯಕ್ಷನೂ ಆದ. ಹೀಗೆ ಜತೆಗೆ ಕೂತು ಕೆಲಸ ಮಾಡಬೇಕಾದವರ ಹಳೆಯ ಕಡತಗಳನ್ನು ಯಾರೂ ಕೆದಕುವುದಿಲ್ಲ.

ಸರ್ಕಾರಗಳಿಗೆ ಸೈನಿಕರು ಬೇಕಿದ್ದರು, ಇಂಗ್ಲೆಂಡಿನ ಬೇಸಿಲ್ ಲಿಡೆಲ್ ಹಾರ್ಟ್‌ಗೆ ಕಳೆದುಹೋದ ಮರ್ಯಾದೆ ಬೇಕಿತ್ತು. 1930ರ ದಶಕದಲ್ಲಿ ಸೇನಾ ವಿಷಯದಲ್ಲಿ ಅವನದೇ ಮಾತು. 1940ರಲ್ಲಿ ಫ್ರಾನ್ಸ್ ಆರು ವಾರಕ್ಕೆ ಉರುಳಿದಾಗ, ರಕ್ಷಣೆಯಲ್ಲಿ ಕೂತವನದೇ ಮೇಲುಗೈ ಎಂದು ಬರೆಯುತ್ತಿದ್ದ ಅವನ ಬೆಲೆಯೂ ಉರುಳಿತು. ಯುದ್ಧ ಮುಗಿದ ಮೇಲೆ ಸೆರೆಯಲ್ಲಿದ್ದ ಜರ್ಮನ್ ಜನರಲ್‌ಗಳನ್ನು ಭೇಟಿಮಾಡಿ ಮಾತಾಡಿಸಿ 1948ರಲ್ಲಿ ಪುಸ್ತಕ ತಂದ. ಅದರಲ್ಲಿ ಅವರು ಸಭ್ಯರು, ಕಸುಬುದಾರರು. ಜತೆಗೆ ಟ್ಯಾಂಕ್ ಯುದ್ಧದ ವಿದ್ಯೆಯನ್ನು ಲಿಡೆಲ್ ಹಾರ್ಟ್‌ನ ಬರಹಗಳಿಂದಲೇ ಕಲಿತವರು.

ಜರ್ಮನ್ ಟ್ಯಾಂಕ್ ಪಡೆಯ ಜನರಲ್ ಹೈಂಜ್ ಗುಡೇರಿಯನ್‌ನ ಆತ್ಮಕಥೆಯ ಪ್ರಸಂಗ ಇನ್ನೂ ಸ್ವಾರಸ್ಯವಾಗಿದೆ. ಜರ್ಮನ್ ಮೂಲ 1951ರದು, ಇಂಗ್ಲಿಷ್ ಆವೃತ್ತಿ 1952ರದು. ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಇದೆ: ಟ್ಯಾಂಕುಗಳನ್ನು ದೂರದ ದಾಳಿಗೆ ಬಳಸುವ ವಿಚಾರ ಹೊಳೆಸಿದ್ದು ಲಿಡೆಲ್ ಹಾರ್ಟ್ ಎಂಬ ಕೃತಜ್ಞತೆ. ಜರ್ಮನ್ ಮೂಲದಲ್ಲಿ ಆ ಪ್ಯಾರಾ ಇಲ್ಲ. ಲಿಡೆಲ್ ಹಾರ್ಟ್ ಸತ್ತ ಮೇಲೆ ಅವನ ಕಾಗದಪತ್ರಗಳಲ್ಲಿ ಸಿಕ್ಕಿತು: ಇಂಥ ಒಂದು ಮಾತು ಸೇರಿಸಿದರೆ ಒಳ್ಳೆಯದಿತ್ತು ಎಂದು ಗುಡೇರಿಯನ್‌ಗೆ ಅವನೇ ಬರೆದ ಪತ್ರ. ಅಮೆರಿಕದ ವಿದ್ವಾಂಸ ಜಾನ್ ಮಿಯರ್‌ಶೈಮರ್ 1988ರಲ್ಲಿ ಈ ಲೇವಾದೇವಿಯನ್ನೆಲ್ಲ ಪುಸ್ತಕ ಮಾಡಿ ಬಯಲಿಗಿಟ್ಟರು. ಗೆದ್ದ ಕಡೆಯ ಪಂಡಿತ ಸೋತವನ ಪುಸ್ತಕದಲ್ಲಿ ತನಗೆ ಹೊಗಳಿಕೆ ಬರೆಸಿಕೊಂಡ, ಸೋತವನು ಪಂಡಿತನ ಕೈಯಿಂದ ಇಂಗ್ಲಿಷ್ ಓದುಗರಿಗೆ ಪರಿಚಯ ಮಾಡಿಸಿಕೊಂಡ. ಅಂದಹಾಗೆ, ಆಕ್ರಮಿತ ಪೋಲೆಂಡಿನಲ್ಲಿ ಹಿಟ್ಲರ್ ಗುಡೇರಿಯನ್‌ಗೆ ದೊಡ್ಡ ಜಮೀನುದಾರಿಯನ್ನೇ ಉಡುಗೊರೆ ಕೊಟ್ಟಿದ್ದ. ಫೀಲ್ಡ್ ಮಾರ್ಷಲ್‌ಗಳಿಗೆ ಸಂಬಳದ ಮೇಲೆ ತಿಂಗಳಿಗೆ 4,000 ಮಾರ್ಕ್, ತೆರಿಗೆ ಇಲ್ಲದೆ, ಗುಟ್ಟಾಗಿ ಸೇರುತ್ತಿತ್ತು. ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿದ ಫಾನ್ ಲೇಬ್‌ಗೆ 1941ರ ಹುಟ್ಟುಹಬ್ಬಕ್ಕೆ ಬಂದ ಕಾಣಿಕೆ 2,50,000 ಮಾರ್ಕ್. ಹಿಟ್ಲರನನ್ನು ದೂರುತ್ತಾ ದಪ್ಪ ದಪ್ಪ ಪುಸ್ತಕ ಬರೆದವರು ಅವನ ಕೊಡುಗೈಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ಈ ಸಾಲಿನಲ್ಲಿ ಎಲ್ಲರಿಗಿಂತ ಎತ್ತರ ಕೂತಿರುವವನು ಎರಿಕ್ ಫಾನ್ ಮಾನ್‌ಸ್ಟೈನ್. 1955ರಲ್ಲಿ ಬಂದ ಅವನ ಪುಸ್ತಕದ ಹೆಸರಿನ ಅರ್ಥವೇ ‘ಕೈತಪ್ಪಿದ ಗೆಲುವುಗಳು’. ಮೂರು ವರ್ಷದ ನಂತರದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ, ಮತ್ತೆ ಲಿಡೆಲ್ ಹಾರ್ಟ್‌ನದೇ. ತಾನು ಸೈನಿಕನಾಗಿ ಬರೆಯುತ್ತಿದ್ದೇನೆ, ರಾಜಕೀಯಕ್ಕೆ ಕೈಹಾಕುವುದಿಲ್ಲ ಎಂದು ಮಾನ್‌ಸ್ಟೈನ್ ಮೊದಲೇ ಬೇಲಿ ಹಾಕಿಕೊಳ್ಳುತ್ತಾನೆ. ಆ ಬೇಲಿಯ ಆಚೆ ಏನಿತ್ತು? 1941ರ ಚಳಿಗಾಲದಲ್ಲಿ ಅವನು ಕ್ರೈಮಿಯಾದಲ್ಲಿ 11ನೇ ಸೇನೆಯ ದಂಡನಾಯಕ. ಅಲ್ಲಿನ ಸಿಂಫೆರೊಪೋಲ್ ಪಟ್ಟಣದಲ್ಲಿ ಡಿಸೆಂಬರ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಊರಾಚೆಗೆ ಒಯ್ದು ಗುಂಡಿಟ್ಟರು. ಗುಂಡು ಹೊಡೆದದ್ದು ಓಟ್ಟೊ ಓಲೆನ್‌ಡೋರ್ಫ್‌ನ ಎಸ್‌ಎಸ್‌ ದಳ, ನಿಜ. ಆದರೆ ಕೆಲಸ ಕ್ರಿಸ್ಮಸ್‌ಗೆ ಮುಂಚೆ ಮುಗಿಯಲಿ ಎಂದು ಅವಸರ ಮಾಡಿದ್ದು 11ನೇ ಸೇನೆಯ ಕಚೇರಿ. ಲಾರಿಗಳನ್ನು, ಪೆಟ್ರೋಲನ್ನು, ಆಳುಗಳನ್ನು ಕೊಟ್ಟದ್ದೂ ಅದೇ. ಕೊಂದ ಮೇಲೆ ಸತ್ತವರ ಕೈಗಡಿಯಾರಗಳ ವಿಚಾರ ಬಂತು. 11ನೇ ಸೇನೆ ಕೇಳಿತ್ತು. ರಿಪೇರಿ ಮಾಡಿಸಿ ಕಳಿಸಿಕೊಡಲಾಯಿತು. ಪತ್ರವ್ಯವಹಾರ ಉಳಿದಿದೆ.

ನವೆಂಬರ್ 20ರಂದು ಮಾನ್‌ಸ್ಟೈನ್ ಸಹಿ ಹಾಕಿ ಹೊರಡಿಸಿದ ಆದೇಶವೂ ಉಳಿದಿದೆ. ಯಹೂದಿ-ಬೋಲ್ಶೆವಿಕ್ ವ್ಯವಸ್ಥೆಯನ್ನು ಬೇರುಸಹಿತ ಕಿತ್ತುಹಾಕಬೇಕು, ಯಹೂದಿಗಳಿಗೆ ಕೊಡುವ ಕಠೋರ ಶಿಕ್ಷೆಯ ಅಗತ್ಯವನ್ನು ಸೈನಿಕರು ಅರ್ಥಮಾಡಿಕೊಳ್ಳಬೇಕು ಎಂಬುದು ಅದರ ತಿರುಳು. 1946ರ ಆಗಸ್ಟ್‌ನಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಆ ಹಾಳೆಯನ್ನು ಅವನ ಕೈಗೇ ಕೊಟ್ಟು ಕೇಳಿದರು. ಸಹಿ ತನ್ನದೇ ಹೌದು, ಆದರೆ ಇಂಥದೊಂದು ಆದೇಶ ಹೊರಡಿಸಿದ ನೆನಪೇ ಇಲ್ಲ ಎಂದ. ಒಂಬತ್ತು ವರ್ಷ ಕಳೆದು ಬಂದ ಅವನ ಪುಸ್ತಕದಲ್ಲಿ ಒಂದೊಂದು ಡಿವಿಜನ್ ಯಾವ ದಿನ ಯಾವ ಹೊಳೆ ದಾಟಿತೆಂಬುದು ಅಚ್ಚುಕಟ್ಟಾಗಿ ನೆನಪಿದೆ.

1949ರಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಮಿಲಿಟರಿ ನ್ಯಾಯಾಲಯ ಮಾನ್‌ಸ್ಟೈನ್‌ಗೆ 18 ವರ್ಷ ಶಿಕ್ಷೆ ವಿಧಿಸಿತು. ಅದು 12ಕ್ಕೆ ಇಳಿಯಿತು. 1953ರಲ್ಲಿ ಅವನು ಹೊರಗಿದ್ದ. ವಕೀಲರ ಖರ್ಚಿಗೆ ಇಂಗ್ಲೆಂಡಿನಲ್ಲಿ ಚಂದಾ ಎತ್ತಿದರು. 25 ಪೌಂಡ್ ಕೊಟ್ಟವರಲ್ಲಿ ವಿನ್‌ಸ್ಟನ್ ಚರ್ಚಿಲ್ ಒಬ್ಬ. ಗೆದ್ದವರ ಇತಿಹಾಸ ಎಂದಾಗ ಎಲ್ಲರೂ ಬೊಟ್ಟು ಮಾಡುವುದು ಇದೇ ಚರ್ಚಿಲ್‌ನ ಆರು ಸಂಪುಟಗಳತ್ತ, ಮತ್ತು ಅಲ್ಲಿ ದೂರು ಸುಳ್ಳಲ್ಲ. 1943ರ ಬಂಗಾಳದ ಕ್ಷಾಮಕ್ಕೆ ಆ ಸಂಪುಟಗಳಲ್ಲಿ ಸಿಕ್ಕಿರುವ ಜಾಗ ನಾಚಿಕೆಗೇಡಿನದು. (ತರುಣನಾಗಿ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದು ಹೋದಾಗ ಕ್ಲಬ್ಬಿಗೆ ಅವನು 13 ರೂಪಾಯಿ ಬಾಕಿ ಉಳಿಸಿದ್ದು ಹಳೆಯ ಲೆಡ್ಜರಿನಲ್ಲಿ ಇನ್ನೂ ಇದೆ, ಆ ಬಾಕಿ ಸಣ್ಣದು.) ಆದರೆ ಆ ಚರ್ಚಿಲ್ ಕೂಡ ಸೋತವನ ಪರ ವಕೀಲಿಕೆಗೆ ದುಡ್ಡು ಕೊಟ್ಟ ಎಂಬುದನ್ನು ಜತೆಗೇ ಹೇಳಬೇಕಾಗುತ್ತದೆ.

ಯಾರು ಬರೆದರು ಎನ್ನುವುದು ಯಾವ ಯುದ್ಧ ಪುಸ್ತಕದೊಳಗೆ ಬಂತು ಎಂಬುದನ್ನೂ ತೀರ್ಮಾನಿಸಿತು. 1944ರ ಜೂನ್ 22-23ರಂದು ಬೆಲರೂಸ್‌ನಲ್ಲಿ ಕೆಂಪು ಸೇನೆ ಆರಂಭಿಸಿದ ಬಗ್ರಾಟಿಯಾನ್ ಕಾರ್ಯಾಚರಣೆಯಲ್ಲಿ ಜರ್ಮನಿಯ ಮಧ್ಯ ಸೇನಾಸಮೂಹವೇ ಪುಡಿಯಾಯಿತು. ನಾಶವಾದ ಡಿವಿಜನ್‌ಗಳು 25ಕ್ಕೂ ಹೆಚ್ಚು. ಜರ್ಮನ್ ಸೇನೆ ತನ್ನ ಇತಿಹಾಸದಲ್ಲಿ ಕಂಡ ಅತಿ ದೊಡ್ಡ ಸೋಲು ಅದು. ಜುಲೈ 17ರಂದು ಸುಮಾರು 57,000 ಕೈದಿಗಳನ್ನು ಮಾಸ್ಕೊದ ಬೀದಿಗಳಲ್ಲಿ ನಡೆಸಿ, ಹಿಂದೆಯೇ ನೀರಿನ ಲಾರಿ ಬಿಟ್ಟು ರಸ್ತೆ ತೊಳೆಸಿದರು. ನಾರ್ಮಂಡಿಯ ಮೇಲೆ ಪುಸ್ತಕಗಳ ಗುಡ್ಡವೇ ಇದೆ. ಅದೇ ತಿಂಗಳಿನ ಈ ಯುದ್ಧದ ಹೆಸರು ಕೇಳಿದವರು ಕಡಿಮೆ. ಮಾನ್‌ಸ್ಟೈನ್ ಅದರ ಬಗ್ಗೆ ಬರೆಯುವಂತಿಲ್ಲ, ಅವನನ್ನು ಮಾರ್ಚ್‌ನಲ್ಲೇ ಮನೆಗೆ ಕಳಿಸಿದ್ದರು. ಅಲ್ಲಿ ದಂಡನಾಯಕನಾಗಿದ್ದ ಬುಷ್ 1945ರ ಜುಲೈನಲ್ಲಿ ಬ್ರಿಟಿಷರ ಸೆರೆಯಲ್ಲಿ ಸತ್ತ. ಅವನ ಜಾಗಕ್ಕೆ ಬಂದ ಮೋಡೆಲ್ 1945ರ ಏಪ್ರಿಲ್‌ನಲ್ಲಿ ಗುಂಡು ಹೊಡೆದುಕೊಂಡ. ಆ ಸೋಲಿಗೆ ಹೆಸರುವಾಸಿ ಲೇಖಕ ಸಿಗಲಿಲ್ಲ. ಗೆದ್ದವರೇ ಇತಿಹಾಸ ಬರೆಯುವುದು ನಿಜವಾಗಿದ್ದರೆ, ಇಷ್ಟು ದೊಡ್ಡ ಗೆಲುವು ಪುಸ್ತಕದಂಗಡಿಯಲ್ಲಿ ಮೂಲೆಗೆ ಬೀಳಲು ಸಾಧ್ಯವಿರಲಿಲ್ಲ.

ರಷ್ಯನ್ನರು ಬರೆಯಲಿಲ್ಲವೇ ಎಂದು ಕೇಳಬಹುದು. ಬೇಕಾದಷ್ಟು ಬರೆದರು, ಆದರೆ ಅವರ ಪುಸ್ತಕವನ್ನು ನಂಬುವಂತೆ ಅವರ ಸರ್ಕಾರವೇ ಬಿಡಲಿಲ್ಲ. ಕೆಂಪು ಸೇನೆಯ ದಂಡನಾಯಕ ಜುಕೋವ್‌ನ ಆತ್ಮಕಥೆ 1969ರಲ್ಲಿ ಸೆನ್ಸಾರ್‌ನ ಕತ್ತರಿ ದಾಟಿ ಬಂತು. ಆಗ ಅಧಿಕಾರದಲ್ಲಿದ್ದ ಬ್ರೆಜ್ನೆವ್ ಯುದ್ಧದ ನಡುಘಟ್ಟದಲ್ಲಿ ಬರೀ ಕರ್ನಲ್. ಆದರೂ ಮಾರ್ಷಲ್ ಜುಕೋವ್ ಅವನ ಸಲಹೆ ಕೇಳಲು ಬಯಸಿದ್ದ ಎಂಬ ಮಾತನ್ನು ಪುಸ್ತಕದೊಳಗೆ ತುರುಕಬೇಕಾಯಿತು. ಓದಿದವರೆಲ್ಲ ನಕ್ಕರು. 1942ರ ಕೊನೆಯಲ್ಲಿ ರ್ಝೆವ್ ಬಳಿ ಜುಕೋವ್‌ನ ಉಸ್ತುವಾರಿಯಲ್ಲಿ ನಡೆದು ನೆಲಕಚ್ಚಿದ ‘ಮಾರ್ಸ್’ ಕಾರ್ಯಾಚರಣೆಯ ಬಗ್ಗೆ ಸೋವಿಯತ್ ಪುಸ್ತಕಗಳು ತುಟಿ ಬಿಚ್ಚಲಿಲ್ಲ. 1943ರ ಜುಲೈ 12ರ ಪ್ರೊಖೋರೊವ್ಕಾ ಟ್ಯಾಂಕ್ ಕಾಳಗದಲ್ಲಿ ತಮ್ಮ ನೂರಾರು ಟ್ಯಾಂಕುಗಳು ಸುಟ್ಟುಹೋದದ್ದನ್ನು ಮುಚ್ಚಿ, ಜರ್ಮನರದೇ ನೂರಾರು ಸುಟ್ಟವೆಂದು ಬರೆದುಕೊಂಡವು. ಅಂದರೆ ಇಲ್ಲಿ ಗೆದ್ದವರು ಸುಳ್ಳು ಬರೆದದ್ದು ನಿಜ. ಆ ಸುಳ್ಳು ಪಶ್ಚಿಮದಲ್ಲಿ ಓದುಗರನ್ನು ಗೆಲ್ಲಲಿಲ್ಲ ಅಷ್ಟೆ. ಖಾಲಿ ಉಳಿದ ಜಾಗದಲ್ಲಿ ಜರ್ಮನರ ಪುಸ್ತಕ ಕೂತಿತು. ಪೌಲ್ ಕರೆಲ್ ಎಂಬ ಹೆಸರಿನಲ್ಲಿ ರಷ್ಯಾ ಯುದ್ಧದ ಮೇಲೆ ಲಕ್ಷಾಂತರ ಪ್ರತಿ ಮಾರಿದವನು ಯಾರು? ಪೌಲ್ ಶ್ಮಿಟ್. ಹಿಟ್ಲರನ ವಿದೇಶಾಂಗ ಸಚಿವಾಲಯದ ಪತ್ರಿಕಾ ವಕ್ತಾರ, ಎಸ್‌ಎಸ್‌ ಅಧಿಕಾರಿ. ಸೋವಿಯತ್ ದಾಖಲೆಗಳನ್ನೂ ಜರ್ಮನ್ ದಾಖಲೆಗಳನ್ನೂ ಎದುರುಬದುರು ಇಟ್ಟು ಬರೆದ ಡೇವಿಡ್ ಗ್ಲಾಂಟ್ಸ್ ಮತ್ತು ಜೊನಾಥನ್ ಹೌಸ್ ಅವರ ಪುಸ್ತಕಕ್ಕೆ 1995ರವರೆಗೆ ಕಾಯಬೇಕಾಯಿತು. ಅದಕ್ಕೆ ಮುಂಚೆ ಜಾನ್ ಎರಿಕ್ಸನ್ ಅವರು ಒಬ್ಬರೇ ಎಂಬಂತೆ ಈ ದಾರಿ ಸವೆಸಿದ್ದರು.

ಬ್ರಿಟಿಷರದು ಇನ್ನೊಂದು ಬಗೆಯ ಮೌನ. ಜರ್ಮನರ ಎನಿಗ್ಮಾ ಸಂಕೇತಗಳನ್ನು ತಾವು ಒಡೆದು ಓದುತ್ತಿದ್ದೆವು ಎಂಬುದನ್ನು 1974ರವರೆಗೆ ಅವರು ಗುಟ್ಟಾಗಿಟ್ಟರು. ಅಲ್ಲಿಯತನಕ ಬಂದ ಅಧಿಕೃತ ಇತಿಹಾಸಗಳಲ್ಲಿ ಅದು ಇಲ್ಲ, ಚರ್ಚಿಲ್‌ನ ಸಂಪುಟಗಳಲ್ಲೂ ಇಲ್ಲ. ತಮ್ಮ ಗೆಲುವಿನ ದೊಡ್ಡ ಕಾರಣವನ್ನು ಗೆದ್ದವರೇ ಮೂವತ್ತು ವರ್ಷ ಬಚ್ಚಿಟ್ಟರು! ಇದರ ಲಾಭ ಹೆಚ್ಚಾಗಿ ಆದದ್ದು ಜರ್ಮನ್ ದಂಡನಾಯಕ ಎರ್ವಿನ್ ರೊಮೆಲ್‌ನ ಹೆಸರಿಗೆ. ಉತ್ತರ ಆಫ್ರಿಕಾಕ್ಕೆ ಅವನ ಇಂಧನ ತರುವ ಹಡಗುಗಳು ಎಲ್ಲಿ ಯಾವಾಗ ಬರುತ್ತವೆ ಎಂಬುದು ಬ್ರಿಟಿಷರಿಗೆ ಮೊದಲೇ ತಿಳಿಯುತ್ತಿದ್ದದ್ದು ಓದುಗರಿಗೆ ಗೊತ್ತಿರಲಿಲ್ಲವಾದ್ದರಿಂದ, ಅವನ ಸೋಲು ಬರೀ ದುರದೃಷ್ಟದಂತೆ ಕಂಡಿತು. ಇತ್ತ, ಕೈರೋದಲ್ಲಿದ್ದ ಅಮೆರಿಕನ್ ಮಿಲಿಟರಿ ಪ್ರತಿನಿಧಿಯ ತಂತಿಗಳನ್ನು ರೊಮೆಲ್ 1942ರ ಜೂನ್‌ವರೆಗೆ ಓದುತ್ತಿದ್ದದ್ದೂ ಗೊತ್ತಿರಲಿಲ್ಲ, ಅವನ ಗೆಲುವುಗಳು ದಿವ್ಯದೃಷ್ಟಿಯಂತೆ ಕಂಡವು.

ರೊಮೆಲ್‌ನನ್ನು ಇಂಗ್ಲಿಷ್ ಓದುಗರ ಮನೆದೇವರು ಮಾಡಿದ 1950ರ ಜೀವನಚರಿತ್ರೆಗೆ ಭಾರತದ ನಂಟೂ ಇದೆ. ಬರೆದವನು ಡೆಸ್ಮಂಡ್ ಯಂಗ್, ಬ್ರಿಟಿಷ್ ಕಾಲದ ಭಾರತೀಯ ಸೇನೆಯ ಬ್ರಿಗೇಡಿಯರ್. 1942ರ ಜೂನ್‌ನಲ್ಲಿ ಮರುಭೂಮಿಯಲ್ಲಿ ಜರ್ಮನರಿಗೆ ಸೆರೆಸಿಕ್ಕವನು. ಮುನ್ನುಡಿ ಬರೆದವನು ಆಕಿನ್‌ಲೆಕ್, ಮರುಭೂಮಿಯಲ್ಲಿ ರೊಮೆಲ್‌ಗೆ ಎದುರಾಳಿ, ಸ್ವಾತಂತ್ರ್ಯ ಬರುವ ಹೊತ್ತಿಗೆ ಭಾರತೀಯ ಸೇನೆಯ ಮಹಾದಂಡನಾಯಕ. ಮರುವರ್ಷ ಪುಸ್ತಕ ಹಾಲಿವುಡ್ ಚಿತ್ರವಾಯಿತು, ಯಂಗ್ ಅದರಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ. ತಮ್ಮನ್ನು ಅಷ್ಟು ದಿನ ಕುಣಿಸಿದವನು ಮಹಾಮೇಧಾವಿ ಎಂದಾದರೆ ಕುಣಿದವರ ಮಾನವೂ ಉಳಿಯುತ್ತದೆ. ಕೈರೋ ಕೈಗೆ ಸಿಕ್ಕರೆ ರೊಮೆಲ್‌ನ ಸೇನೆಯ ಹಿಂದೆ ಹೋಗಿ ಅಲ್ಲಿನ ಯಹೂದಿಗಳನ್ನು ಕೊಲ್ಲಲು 1942ರಲ್ಲೇ ವಾಲ್ಟರ್ ರಾಫ್‌ನ ಎಸ್‌ಎಸ್‌ ತುಕಡಿ ಸಜ್ಜಾಗಿ ಕಾಯುತ್ತಿತ್ತು ಎಂಬುದು ಜರ್ಮನ್ ಇತಿಹಾಸಕಾರರ ಸಂಶೋಧನೆಯಿಂದ ಹೊರಬಿದ್ದದ್ದು 2006ರಲ್ಲಿ.

‘ಫ್ರೀಡಂ ಅಟ್ ಮಿಡ್‌ನೈಟ್’ ಓದಿದ ಕನ್ನಡಿಗರಿಗೆ ಲ್ಯಾರಿ ಕಾಲಿನ್ಸ್ ಮತ್ತು ಡೊಮಿನಿಕ್ ಲಾಪಿಯೆರ್ ಜೋಡಿ ಗೊತ್ತು. ಅದಕ್ಕೆ ಹತ್ತು ವರ್ಷ ಮುಂಚೆ, 1965ರಲ್ಲಿ, ಅವರು ಪ್ಯಾರಿಸ್ ಬಿಡುಗಡೆಯ ಕಥೆ ಬರೆದು ಹೆಸರು ಮಾಡಿದ್ದರು. ಹಿಟ್ಲರನ ಆಜ್ಞೆ ಮೀರಿ ಪ್ಯಾರಿಸ್ ಸುಡದೆ ಉಳಿಸಿದವನು ಎಂದು ಅದರಿಂದ ಪ್ರಖ್ಯಾತನಾದವನು ಜನರಲ್ ಫಾನ್ ಖೋಲ್ಟಿಟ್ಸ್. ಆ ಚಿತ್ರಕ್ಕೆ ಬಣ್ಣ ಹಚ್ಚುವ ಕೆಲಸವನ್ನು ಅವನ ಆತ್ಮಕಥೆ 1951ರಲ್ಲೇ ಶುರುಮಾಡಿತ್ತು. ಪ್ಯಾರಿಸ್‌ನಲ್ಲಿದ್ದ ಜರ್ಮನ್ ಪಡೆ 1944ರ ಆಗಸ್ಟ್ 25ಕ್ಕೆ ಶರಣಾಯಿತು. ನಾಲ್ಕು ದಿನಕ್ಕೆ ಖೋಲ್ಟಿಟ್ಸ್ ಲಂಡನ್ ಬಳಿಯ ಟ್ರೆಂಟ್ ಪಾರ್ಕ್ ಎಂಬ ಬಂಗಲೆಯಲ್ಲಿ, ಇತರ ಜರ್ಮನ್ ಜನರಲ್‌ಗಳ ಜತೆ ಹರಟುತ್ತಾ ಕೂತಿದ್ದ. ಗೋಡೆಯೊಳಗೆ ಮೈಕ್ರೊಫೋನ್ ಅಡಗಿಸಿದ್ದು ಅವರಿಗೆ ತಿಳಿಯದು. ತಾನು ನೆರವೇರಿಸಿದ ಆಜ್ಞೆಗಳಲ್ಲೆಲ್ಲ ಕಷ್ಟದ್ದು ಯಹೂದಿಗಳನ್ನು ಮುಗಿಸುವುದಾಗಿತ್ತು, ಅದನ್ನೂ ಕೊನೆತನಕ ಬಿಡದೆ ಮಾಡಿದೆ ಎಂದು ಅವನು ಅಲ್ಲಿ ಹೇಳಿಕೊಂಡ. ಖೋಲ್ಟಿಟ್ಸ್ 1942ರಲ್ಲಿ ಕ್ರೈಮಿಯಾದಲ್ಲಿದ್ದವನು, ಮಾನ್‌ಸ್ಟೈನ್‌ನ ಸೇನೆಯಲ್ಲಿ. ಈ ಧ್ವನಿಮುದ್ರಣಗಳ ಲಿಖಿತ ಪ್ರತಿಗಳನ್ನು ಜೋನ್ಕೆ ನೈಟ್ಸೆಲ್ ಅವರು ಪುಸ್ತಕವಾಗಿ ತಂದದ್ದು 2005ರಲ್ಲಿ. ಗೆದ್ದವರ ಕೈಯಲ್ಲಿ ಸೋತವರ ತಪ್ಪೊಪ್ಪಿಗೆಯೇ ಇತ್ತು; ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಹೊತ್ತಿಗೆ ಸೋತವರ ಆತ್ಮಕಥೆಗಳು ಮಾರಾಟವಾಗುತ್ತಿದ್ದವು.

ಮೊದಲ ಮಹಾಯುದ್ಧದಲ್ಲೂ ಇದೇ ನಾಟಕದ ಚಿಕ್ಕ ಆವೃತ್ತಿ ನಡೆದಿತ್ತು. 1918ರ ಸೆಪ್ಟೆಂಬರ್ 29ರಂದು ಕದನವಿರಾಮ ಬೇಕೇ ಬೇಕೆಂದು ಹಟ ಹಿಡಿದವನು ಜರ್ಮನ್ ಸೇನೆಯ ಜನರಲ್ ಲುಡೆನ್‌ಡೋರ್ಫ್. ನವೆಂಬರ್‌ನಲ್ಲಿ ವೇಷ ಮರೆಸಿಕೊಂಡು ಸ್ವೀಡನ್‌ಗೆ ಓಡಿಹೋಗಿ, ಅಲ್ಲಿ ಕೂತು ಬರೆದ ಆತ್ಮಕಥೆ 1919ರಲ್ಲಿ ಬಂತು: ಸೇನೆ ಸೋಲಲಿಲ್ಲ, ಹಿಂದಿನಿಂದ ದ್ರೋಹವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವನ ಮೇಲಧಿಕಾರಿಯಾಗಿದ್ದ ಹಿಂಡೆನ್‌ಬುರ್ಗ್ ಸಂಸದೀಯ ಸಮಿತಿಯ ಮುಂದೆ ಬೆನ್ನಿಗೆ ಚೂರಿ ಹಾಕಿದರೆಂಬ ಸಾಕ್ಷಿ ನುಡಿದ. ಜರ್ಮನ್ ವಿದೇಶಾಂಗ ಇಲಾಖೆ ಯುದ್ಧದ ಹೊಣೆ ತಮ್ಮ ಮೇಲಿಲ್ಲ ಎಂದು ತೋರಿಸಲು ಪ್ರತ್ಯೇಕ ವಿಭಾಗವನ್ನೇ ತೆರೆದಿತ್ತು. ಇಲಾಖೆ ಹೊರತಂದ ಯುದ್ಧಪೂರ್ವ ದಾಖಲೆಗಳ 40 ಸಂಪುಟಗಳು 1927ರ ಹೊತ್ತಿಗೆ ಮುಗಿದಿದ್ದವು. ಬ್ರಿಟಿಷ್, ಫ್ರೆಂಚ್ ದಾಖಲೆಗಳು ಇನ್ನೂ ಹೊರಬರುತ್ತಿರುವಾಗ ಇತಿಹಾಸಕಾರರು ಇವನ್ನೇ ನೆಚ್ಚಿಕೊಂಡರು. ಚೂರಿಯ ಕಥೆಯನ್ನು ನಂಬಿದವರು 1933ರಲ್ಲಿ ಏನು ಮಾಡಿದರೆಂದು ಹೇಳಬೇಕಾದ್ದಿಲ್ಲ.

ನ್ಯೂರೆಂಬರ್ಗ್ ವಿಚಾರಣೆಯೇ ಗೆದ್ದವರ ನ್ಯಾಯ ಅಲ್ಲವೇ ಎಂಬ ಆಕ್ಷೇಪ ಉಳಿದಿದೆ. ಕಾತಿನ್‌ನಲ್ಲಿ ತಾವೇ ಕೊಂದ ಪೋಲಿಷ್ ಅಧಿಕಾರಿಗಳ ಕೊಲೆಯನ್ನು ಸೋವಿಯತ್ ವಕೀಲರು ಅಲ್ಲಿ ಜರ್ಮನರ ತಲೆಗೆ ಕಟ್ಟಲು ನೋಡಿದ್ದು ನಿಜ. ಆದರೆ ಆ ತೀರ್ಪಿನಲ್ಲಿ ಕಾತಿನ್ ಸೇರಲಿಲ್ಲ. ಪಶ್ಚಿಮದಲ್ಲಿ ಆ ಸುಳ್ಳು ಹೆಚ್ಚು ದಿನ ನಿಲ್ಲಲಿಲ್ಲ, 1990ರಲ್ಲಿ ಮಾಸ್ಕೊ ಕೂಡ ಒಪ್ಪಿಕೊಂಡಿತು. ಅದೇ ತೀರ್ಪು ಜರ್ಮನ್ ಜನರಲ್ ಸ್ಟಾಫ್ ಅನ್ನು ಅಪರಾಧಿ ಸಂಘಟನೆ ಎಂದು ಘೋಷಿಸಲಿಲ್ಲ, ಅದು ಸಂಘಟನೆಯ ವ್ಯಾಖ್ಯೆಗೆ ಹೊಂದುವುದಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ. ಜತೆಗೇ, ಈ ಮಂದಿ ಸೈನಿಕವೃತ್ತಿಗೆ ಕಳಂಕ ಎಂದು ಉಗಿದು ಬರೆಯಿತು. ಜನರಲ್‌ಗಳು ಮೊದಲ ಭಾಗವನ್ನು ಎತ್ತಿಕೊಂಡು ಖುಲಾಸೆಯಾಯಿತೆಂದು ಸಾರಿದರು. ಎರಡನೆಯದನ್ನು ಓದಲಿಲ್ಲ.

1995ರಲ್ಲಿ ಹ್ಯಾಂಬರ್ಗ್‌ನ ಸಂಶೋಧನಾ ಸಂಸ್ಥೆಯೊಂದು ವೆರ್ಮಾಖ್ಟ್‌ನ ಅಪರಾಧಗಳ ಫೋಟೊ ಪ್ರದರ್ಶನ ಹೊರಡಿಸಿದಾಗ ಊರೂರಲ್ಲಿ ಗಲಾಟೆಯಾಯಿತು. ಮ್ಯೂನಿಕ್‌ನಲ್ಲಿ 1997ರಲ್ಲಿ ಸಾವಿರಾರು ಮಂದಿ ಬೀದಿಗಿಳಿದರು. ಕೆಲವು ಫೋಟೊಗಳಲ್ಲಿರುವ ಹೆಣಗಳು ಸೋವಿಯತ್ ಗುಪ್ತ ಪೊಲೀಸರು ಕೊಂದವರದು ಎಂದು ಪೋಲಿಷ್ ಮೂಲದ ಇತಿಹಾಸಕಾರರೊಬ್ಬರು ತೋರಿಸಿಕೊಟ್ಟರು. ಪ್ರದರ್ಶನ ನಿಲ್ಲಿಸಿ ಸಮಿತಿ ಕೂತಿತು. 1,433 ಫೋಟೊಗಳಲ್ಲಿ ಅಲ್ಲಿರಬಾರದಿದ್ದವು 20ಕ್ಕಿಂತ ಕಡಿಮೆ, ಮೂಲ ವಾದ ಸರಿ ಎಂದು ಸಮಿತಿ 2000ದಲ್ಲಿ ಹೇಳಿತು. ತಿದ್ದಿದ ಪ್ರದರ್ಶನ ಮರುವರ್ಷ ಮತ್ತೆ ಹೊರಟಿತು. ಪಾದ್ರಿಯಿಂದ ಹಿಡಿದು ಪಿಂಚಣಿದಾರನವರೆಗೆ ಅದನ್ನು ನೋಡಿ ಹೌಹಾರಿದವರು ಸೋತ ದೇಶದವರೇ. ಐವತ್ತು ವರ್ಷ ಅವರ ಮನೆಗಳಲ್ಲಿ ಓದುತ್ತಿದ್ದ ಪುಸ್ತಕಗಳನ್ನು ಗೆದ್ದವರು ಬರೆದಿದ್ದರೆ ಹೌಹಾರುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

2018ರಲ್ಲಿ ಜರ್ಮನಿಯ ರಕ್ಷಣಾ ಸಚಿವಾಲಯ ಹೊಸ ಸುತ್ತೋಲೆ ಹೊರಡಿಸಿ, ಇಂದಿನ ಸೇನೆಯ ಪರಂಪರೆಗೆ ವೆರ್ಮಾಖ್ಟ್ ಒಂದು ಸಂಸ್ಥೆಯಾಗಿ ಸೇರುವುದಿಲ್ಲ ಎಂದು ಸ್ಪಷ್ಟಮಾಡಿತು. ಔಗುಸ್ಟ್‌ಡೋರ್ಫ್‌ನಲ್ಲಿರುವ ಅದೇ ಸೇನೆಯ ಬ್ಯಾರಕ್ಕಿಗೆ ಫೀಲ್ಡ್ ಮಾರ್ಷಲ್ ರೊಮೆಲ್‌ನ ಹೆಸರು ಆಮೇಲೂ ಹಾಗೇ ಉಳಿಯಿತು. ಮಾನ್‌ಸ್ಟೈನ್‌ನ ಪುಸ್ತಕ ಲಿಡೆಲ್ ಹಾರ್ಟ್‌ನ ಮುನ್ನುಡಿ ಸಮೇತ ಈ ಶತಮಾನದಲ್ಲೂ ಮರುಮುದ್ರಣಗೊಂಡಿದೆ.